ಹಿಂಡಿ ಚೀಲದ ಕಾವು

ತುರುವೇಕೆರೆ, ಸೋಮವಾರ ಬೆಳಿಗ್ಗೆ

ಕೃಷ್ಣಯ್ಯ ಮಾವನವರಿಗೆ ವನಿತಾಳ ನಮಸ್ಕಾರಗಳು.

"ಹಿಂಡಿ ಬೆಚ್ಚಗೈತೆ ಅಂದ್ರೆ ಒಣಗ್ತೈತೆ ಕಣಮ್ಮ" ಎಂದು ನೀವು ಫೋನಿನಲ್ಲಿ ನಕ್ಕಿರಿ. ಅದಕ್ಕೇ ಎಲ್ಲವನ್ನೂ ಬರೆದು ನಿಮ್ಮ ಫೋನಿಗೇ ಕಳಿಸುತ್ತಿದ್ದೇನೆ. ಕಿಬ್ಬನಹಳ್ಳಿಯ ನಿಮ್ಮ ಗೋದಾಮಿನಲ್ಲಿ ಒಟ್ಟಿರುವ ಕೊಬ್ಬರಿ ಹಿಂಡಿ ಚೀಲಗಳ ನಡುವೆ ಕಾಲೇಜಿನ ಥರ್ಮಾಮೀಟರ್ ಇಟ್ಟು ನೋಡಿದೆ. ಗುರುವಾರ ನಲವತ್ತೆಂಟು ಡಿಗ್ರಿ ಇತ್ತು, ಶನಿವಾರ ಐವತ್ತೇಳು, ನಿನ್ನೆ ಎಪ್ಪತ್ತೊಂದು. ಹಿಂಡಿಯಲ್ಲಿ ಉಳಿದ ಎಣ್ಣೆ ಗಾಳಿಯ ಆಮ್ಲಜನಕದೊಡನೆ ಸೇರಿ ಕಾಯುತ್ತದೆ. ಕಾದಷ್ಟೂ ಆ ಕ್ರಿಯೆಯ ವೇಗ ಹೆಚ್ಚುತ್ತದೆ. ಹೊತ್ತಿಕೊಳ್ಳಲು ಬೆಂಕಿಕಡ್ಡಿ ಬೇಕಿಲ್ಲ. ಹದಿನೈದು ವರ್ಷದಿಂದ ನಾನು ಪಾಠ ಮಾಡುತ್ತಿರುವುದು ಇದನ್ನೇ.

ಕಾವಲಿನ ಮುದ್ದಕ್ಕ ಆ ಚೀಲಗಳಿಗೇ ಒರಗಿ ಮಲಗುತ್ತಾರೆ. "ಮಂಡಿ ನೋವ್ಗೆ ಇಂಥ ಕಾವು ಎಲ್ಲೂ ಸಿಗಾಕಿಲ್ಲ, ಬುಡವ್ವ" ಎಂದರು. ನಿನ್ನೆ ಬಲವಂತವಾಗಿ ನಮ್ಮ ಮನೆಗೆ ಕರೆತಂದಿದ್ದೆ. ಇವತ್ತು ಮೊದಲ ಬಸ್ಸಿಗೇ ವಾಪಸ್ ಹೋಗಿದ್ದಾರೆ. ಅವರು ಕೇಳುವುದು ನಿಮ್ಮ ಮಾತು ಮಾತ್ರ.

ಈಗಲೇ ಹೋಗಿ ಅವರನ್ನು ಹೊರಗೆ ಕರೆಯಿರಿ. ಅಗ್ನಿಶಾಮಕದವರಿಗೆ ನಾನು ಹೇಳಿದ್ದೇನೆ, ಅವರು ಬರುವವರೆಗೆ ಯಾರಿಂದಲೂ ಚೀಲ ಮುಟ್ಟಿಸಬೇಡಿ. ಒಳಗೆ ಹೊಗೆ ಎದ್ದ ಮೇಲೆ ಬಾಗಿಲು ತೆರೆದರೆ ಗಾಳಿ ನುಗ್ಗಿ ಎಲ್ಲವೂ ಒಮ್ಮೆಗೇ ಉರಿಯುತ್ತದೆ. ಆಮೇಲೆ ಮುದ್ದಕ್ಕನಿಗಾಗಿಯೂ ಆ ಬಾಗಿಲು ತೆರೆಯಲಾಗುವುದಿಲ್ಲ.

ನಿಮ್ಮ ಸೊಸೆ,
ವನಿತಾ