ಕಾಲುವೆ ದಾಟಿದ ಗುಡ್ತಿ

ಅಬಟ್ಸ್‌ಫರ್ಡ್, ಕೆನಡಾ
೧೭ ಜೂನ್ ೨೦೨೦

ರೂಪೀಯ ಅಪ್ಪನವರಿಗೆ ಸತ್ ಶ್ರೀ ಅಕಾಲ್.

ಇಷ್ಟು ವರ್ಷ ‘ನವತೇಜನ ಅಪ್ಪ’ ಎಂದು ಕರೆಯುತ್ತಿದ್ದವಳು ಇವತ್ತು ಮಗಳ ಹೆಸರು ಹಿಡಿದು ಕರೆದಿದ್ದೇನೆ. ಹುಬ್ಬು ಗಂಟಿಕ್ಕಬೇಡಿ, ಕಾಗದ ಮಡಚಿ ದಿಂಬಿನಡಿ ತುರುಕಬೇಡಿ, ಪೂರ್ತಿ ಓದಿ. ನಿಮ್ಮ ಮೊಣಕಾಲು ಹೇಗಿದೆ? ಭತ್ತದ ನಾಟಿಗೆ ಆಳು ಸಿಕ್ಕರೇ? ಈ ಕಾಯಿಲೆಯ ಕಾಲದಲ್ಲಿ ಸೈನಿಕರು ಪಾಕಿಸ್ತಾನದ ಗಡಿಬೇಲಿಯ ಗೇಟು ತೆಗೆದು ನಿಮ್ಮನ್ನು ಆಚೆಯ ಹೊಲಕ್ಕೆ ಬಿಡುತ್ತಾರೋ ಇಲ್ಲವೋ ಎಂಬ ಚಿಂತೆ ನನಗೆ. ಫೋನಿನಲ್ಲಿ ಕೇಳೋಣವೆಂದರೆ ನೀವು ಅದನ್ನು ಕಿವಿಗೆ ಒತ್ತಿಕೊಳ್ಳುತ್ತೀರಿ. ವಿಡಿಯೋದಲ್ಲಿ ನಮಗೆ ಕಾಣುವುದು ನಿಮ್ಮ ಕಿವಿಯ ಕೂದಲು ಮಾತ್ರ. ರೂಪೀಯ ಸುದ್ದಿ ತೆಗೆದರೆ ಅದೂ ಇಲ್ಲ, “ಎಮ್ಮೆ ಕೂಗ್ತಿದೆ” ಎಂದು ಎದ್ದುಬಿಡುತ್ತೀರಿ. ಹೊತ್ತುಗೊತ್ತಿಲ್ಲದೆ ಕೂಗುವ ಈ ಎಮ್ಮೆಯನ್ನು ಯಾವಾಗ ಕೊಂಡಿರೋ! ಅದಕ್ಕೇ ಈ ಕಾಗದ. ಪಕ್ಕದ ತೋಟದ ತರ್ಸೇಮನ ಅತ್ತೆಗೆ ಊರಿಗೆ ಹೋಗುವ ವಿಶೇಷ ವಿಮಾನದಲ್ಲಿ ಸೀಟು ಸಿಕ್ಕಿದೆ, ಅವರ ಕೈಯಲ್ಲಿ ಕೊಡುತ್ತೇನೆ.

ನಾನು ಚೆನ್ನಾಗಿದ್ದೇನೆ. ನವತೇಜನ ಬ್ಲೂಬೆರ್ರಿ ಗಿಡಗಳಲ್ಲಿ ಕಾಯಿ ಬಣ್ಣಕ್ಕೆ ತಿರುಗುತ್ತಿದೆ. ಮಗನ ಮನೆಯಲ್ಲಿ ನಾಲ್ಕು ದಿನ ಇದ್ದು, ಆಮೇಲೆ ಗಡಿ ದಾಟಿ ಮಗಳ ಬಾಣಂತನಕ್ಕೆ ಹೋಗುವುದೆಂದು ತಾನೇ ಹೊರಟದ್ದು? ಅಮೆರಿಕದ ವೀಸಾ ಕೂಡ ಪಾಸ್‌ಪೋರ್ಟಿನಲ್ಲಿ ಕೂತಿತ್ತು. ಅಷ್ಟರಲ್ಲಿ ಗಡಿ ಮುಚ್ಚಿತು. ರೂಪೀಯ ರಾಸ್ಪ್‌ಬೆರ್ರಿ ತೋಟ ಇಲ್ಲಿಂದ ಕಣ್ಣಳತೆಯಲ್ಲಿದೆ. ಅವಳು ಅಲ್ಲಿ ಹೆತ್ತಳು, ನಾನು ಇಲ್ಲಿ ಬಾಣಂತಿಯ ತಿನಿಸೆಂದು ತುಪ್ಪದಲ್ಲಿ ಪಂಜೀರಿ ಹುರಿದು ಡಬ್ಬಿ ತುಂಬಿ, ಡಬ್ಬಿಯ ಮುಂದೆಯೇ ಕೂತು ಅತ್ತೆ.

ಆ ಗಡಿಯನ್ನು ನೀವು ನೋಡಬೇಕಿತ್ತು, ನಿಮ್ಮಾಣೆ! ಮುಳ್ಳುತಂತಿ ಇಲ್ಲ, ದೀಪದ ಕಂಬ ಇಲ್ಲ, ಗೇಟು ಇಲ್ಲ. ಈ ಕಡೆ ಒಂದು ರಸ್ತೆ, ಆ ಕಡೆ ಒಂದು ರಸ್ತೆ, ನಡುವೆ ಒಂದು ಕಾಲುವೆ. ನಮ್ಮ ಹೊಲಕ್ಕೆ ನೀರು ಹಾಯಿಸುತ್ತೇವಲ್ಲ, ಅಷ್ಟೇ ಅಗಲ. ಮದುವೆಯಾದ ಹೊಸದರಲ್ಲಿ ರೊಟ್ಟಿಯ ಬುತ್ತಿ ತಲೆಯ ಮೇಲಿಟ್ಟುಕೊಂಡು ಅಂಥದನ್ನು ನಾನೇ ಹಾರುತ್ತಿದ್ದೆ. ಕಪ್ಪೆ ಈ ದೇಶದಲ್ಲಿ ಕೂಗಿ ಆ ದೇಶಕ್ಕೆ ಜಿಗಿಯುತ್ತದೆ, ಕೇಳುವವರಿಲ್ಲ. ನಾನು ಕಾಲಿಟ್ಟರೆ ಮಾತ್ರ ಮುಗಿಯಿತು. “ಬೀಜೀ, ನೀವು ವಿಸಿಟರ್ ವೀಸಾದವರು. ಆಚೆ ಕಾಲಿಟ್ರೆ ಮತ್ತೆ ಈಚೆ ಬಿಡಲ್ಲ” ಎಂದು ನವತೇಜ ನೂರು ಸಲ ಹೇಳಿದ್ದ. ಜೀವಮಾನವೆಲ್ಲ ಬೇಲಿ ನೋಡಿದವಳು ನಾನು. ಬೇಲಿಯೇ ಇಲ್ಲದ ಗಡಿಯ ಮುಂದೆ ಎರಡು ಹೆಜ್ಜೆ ಹಿಂದೆ ಸರಿದೆ.

ನಿನ್ನೆ ರೂಪೀ ಮಗುವನ್ನು ಎತ್ತಿಕೊಂಡು ಆ ದಡಕ್ಕೆ ಬಂದಳು. ಇನ್ನೂ ಗುಡ್ತಿ ಆಗಿರಲಿಲ್ಲ. ಹುಟ್ಟಿದ ದಿನವೇ ಮನೆಯ ಹಿರಿಯರು ನಾಲಿಗೆಗೆ ಸವರಬೇಕಾದ ಸಿಹಿ, ತಿಂಗಳಾದರೂ ಕಾದಿಟ್ಟಿದ್ದಳು. “ನಮ್ಮ ಮನೆಯವರ ಕೈಯಿಂದಲೇ ಆಗ್ಬೇಕು” ಎಂಬ ಹಟ. ಹಟ ಯಾರದೆಂದು ನಿಮಗೆ ಹೇಳಬೇಕಾಗಿಲ್ಲ. ಜೇನು ಕೂಡದೆಂದು ಡಾಕ್ಟರು ಹೇಳಿದ್ದರಿಂದ ನಾನು ಬತ್ತಾಸನ್ನು ಕಾಯಿಸಿ ಆರಿಸಿದ ನೀರಿನಲ್ಲಿ ಕದಡಿಕೊಂಡು ಹೋಗಿದ್ದೆ. ಕೊಡುವುದು ಹೇಗೆ? ಆಗ ಆ ಹುಡುಗ, ಬಿಳಿಯನೆಂದು ನೀವು ಹೆಸರೆತ್ತಲು ಬಿಡದ ನಮ್ಮ ಅಳಿಯ ವಿಲೆಮ್, ಬೂಟುಗಾಲಲ್ಲಿ ಕಾಲುವೆಗಿಳಿದು ಮಗುವನ್ನು ಎರಡೂ ಅಂಗೈಯಲ್ಲಿ ಎತ್ತಿ ಹಿಡಿದ. ತಣ್ಣನೆಯ ನೀರು ಬೂಟಿನೊಳಗೆ ನುಗ್ಗಿದರೂ ಅಲುಗಾಡಲಿಲ್ಲ. ನಾನು ಕೈ ತೊಳೆದುಕೊಂಡು, ಮೂಗುಬಾಯಿಗೆ ಬಟ್ಟೆ ಕಟ್ಟಿಕೊಂಡು, ಹುಲ್ಲಿನ ಮೇಲೆ ಬೋರಲಾಗಿ ಮಲಗಿದೆ. ನವತೇಜ ನನ್ನ ಕಾಲು ಹಿಡಿದುಕೊಂಡ.

ಅಷ್ಟರಲ್ಲಿ ಆ ಕಡೆಯ ಗಸ್ತಿನ ಕಾರು ಬಂದು ನಿಂತಿತು! “ಏನ್ರೀ ಇದು?” ಎಂದ ಪೊಲೀಸಿನವ. ನನ್ನ ವೀಸಾ ಹೋಯಿತು, ವಾಹೆಗುರು ಎಂದುಕೊಂಡೆ. ನವತೇಜ ಹೇಳಿದ: ಇದು ಮೊದಲ ಸಿಹಿ, ಕೊಟ್ಟವರ ಗುಣವೇ ಮಗುವಿಗೆ ಬರುತ್ತದೆಂದು ನಮ್ಮಲ್ಲಿ ನಂಬಿಕೆ. ಪೊಲೀಸಿನವ ಮಲಗಿದ ನನ್ನನ್ನು ನೋಡಿದ, ನೀರಿನಲ್ಲಿ ನಿಂತ ವಿಲೆಮನನ್ನು ನೋಡಿದ. “ಅಜ್ಜಿ ಕಾಲು ಆ ಕಡೆನೇ ಇರ್ಲಿ. ಕೈ ಎಲ್ಲಿಗೆ ಹೋಯ್ತೋ ನಾನು ನೋಡಿಲ್ಲ” ಎಂದು ಹಿಮದ ಬೆಟ್ಟದ ಕಡೆ ಮುಖ ತಿರುಗಿಸಿದ. ನನ್ನ ಬೆರಳು ಗಡಿ ದಾಟಿತು. ಮಗು ಅದನ್ನು ಚೀಪಿತು ರೀ! ಹಲ್ಲಿಲ್ಲದ ಆ ಬಾಯಿಗೆ ಎಂಥ ಬಿಗಿ! ಎರಡು ದೇಶಗಳು ನನ್ನ ಬೆರಳ ತುದಿಯಲ್ಲಿ ಬೆಚ್ಚಗೆ ಕೂತಿದ್ದವು. ಇಷ್ಟು ವಯಸ್ಸಾಯಿತು, ಇಂಥದೊಂದನ್ನು ನಾನು ಕಂಡಿರಲಿಲ್ಲ.

ಊರಿನವರಿಗೆಲ್ಲ ನನ್ನ ನೆನಪು ಹೇಳಿ. ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳಿ. ವಾಹೆಗುರು ನಿಮ್ಮ ಬೆನ್ನಿಗಿರಲಿ.

ನಿಮ್ಮ
ಸ್ವರ್ಣ

ಮರೆತಿದ್ದೆ: ತರ್ಸೇಮ ಹೊರಗೆ ಹಾರನ್ ಹೊಡೆಯುತ್ತಿದ್ದಾನೆ, ಬೇಗ ಹೇಳಿಬಿಡುತ್ತೇನೆ. ಬೆರಳು ನೀಡುವ ಮೊದಲು ರೂಪೀ, “ಯಾರ ಹೆಸರಲ್ಲಿ ಬೀಜೀ?” ಎಂದಳು. ಊರಿನ ಅರ್ಧ ಮಕ್ಕಳಿಗೆ ಗುಡ್ತಿ ಕೊಟ್ಟವರು ನೀವು. ಮದುವೆಯಾದಂದಿನಿಂದ ನಾಲಿಗೆಯ ಮೇಲೆ ತರದ ನಿಮ್ಮ ಹೆಸರನ್ನು ಕಾಲುವೆಯಾಚೆಗೂ ಕೇಳುವಂತೆ ಕೂಗಿದೆ: ಗುರುದಿತ್ತ ಸಿಂಗ್! ರೂಪೀ ಅಲ್ಲೇ ಕುಸಿದು ಕೂತು ಅತ್ತಳು. ಇನ್ನು ಆ ಮಗು ನಿಮ್ಮದು, ಅಲ್ಲವೆನ್ನುವ ಹಾಗಿಲ್ಲ. ಈ ಕಾಗದ ತಲುಪಿದ ಮೇಲಿನ ಮೊದಲ ಭಾನುವಾರ ಬೆಳಿಗ್ಗೆ ಅವಳು ಫೋನ್ ಮಾಡುತ್ತಾಳೆ. ಎಮ್ಮೆ ಕೂಗಿದರೆ ಕೂಗಲಿ. ಫೋನನ್ನು ಕಿವಿಗೆ ಒತ್ತಿಕೊಳ್ಳಬೇಡಿ, ಮುಖದ ಮುಂದೆ ಹಿಡಿಯಿರಿ.