ಒಂಬತ್ತನೆಯ ಕಟ್ಟಡದ ಮೂರು ಜಾಕಿಗಳು

ಸೆಪ್ಟೆಂಬರ್ 8, ಸೋಮವಾರ. ಬೆಳಗ್ಗೆ 7.40, ರೈಲಿನಲ್ಲಿ

ಎಂಟು ಕಟ್ಟಡ ಮುಗಿಯಿತು, ಆರು ಉಳಿದಿವೆ. ಈ ಪರದೇಶದಲ್ಲಿ ನೋಡಬೇಕೆಂದು ಮಗಳು ಮಾಡಿದ ಪಟ್ಟಿಯ ಪ್ರಕಾರ. ನೋಡಿದ್ದು ನೀರಿನ ಟ್ಯಾಂಕು ಎರಡು, ಶಾಲೆ ಮೂರು, ಗ್ರಂಥಾಲಯ, ಮುಚ್ಚಿಹೋದ ಈಜುಕೊಳ, ಟೆಲಿಫೋನ್ ಎಕ್ಸ್‌ಚೇಂಜು ಒಂದೊಂದು. ಎಲ್ಲವೂ ಐವತ್ತು ಅರವತ್ತು ವರ್ಷದ ಕಾಂಕ್ರೀಟು. ಒಂದರ ಮುಂದೆಯೂ ಟಿಕೆಟ್ ಕೌಂಟರಿಲ್ಲ, ಫೋಟೊ ತೆಗೆಸಿಕೊಳ್ಳುವವರಿಲ್ಲ. ಲೋಕವೆಲ್ಲ ಬಂದು ನೋಡುವ ಗೋಪುರ ನಿನ್ನೆ ಬಸ್ಸಿನ ಕಿಟಕಿಯಲ್ಲಿ ಬಂತು, ಹೋಯಿತು. ಕತ್ತು ಹೊರಳಿಸುವಷ್ಟರಲ್ಲಿ ಮಗಳು, "ಅದನ್ನ ಎಲ್ಲರೂ ನೋಡ್ತಾರಪ್ಪ" ಅಂದಳು. ನಾನೂ ನೋಡಿದ್ದರೆ ಏನು ಸವೆದುಹೋಗುತ್ತಿತ್ತೋ.

ಅವಳು ಆರ್ಕಿಟೆಕ್ಟ್. ಯಾರೂ ತಿರುಗಿ ನೋಡದ ಕಟ್ಟಡಗಳ ಬಗ್ಗೆ ಪುಸ್ತಕ ಬರೆಯುತ್ತಿದ್ದಾಳೆ. ನಾನು ಸೆಂಟ್ರಿಂಗ್ ಕೆಲಸದಿಂದ ಮೇಲೆ ಬಂದವನು — ಹಲಗೆ ಹೊಡೆದು, ಕೆಳಗೆ ಜಾಕಿ ಅನ್ನುವ, ತಿರುಗಿಸಿದರೆ ಎತ್ತರವಾಗುವ ಕಬ್ಬಿಣದ ಆಸರೆ ನಿಲ್ಲಿಸಿ, ಕಾಂಕ್ರೀಟು ಗಟ್ಟಿಯಾಗುವ ತನಕ ಅದನ್ನು ಹೊತ್ತುಕೊಳ್ಳುವ ಕೆಲಸ. ಕಟ್ಟಡವನ್ನು ಯಾರು ಯೋಚಿಸಿದರು ಅಂತ ಅವಳು ಹುಡುಕುತ್ತಾಳೆ. ಹಲಗೆ ಯಾರು ಹೊಡೆದರು ಅಂತ ನಾನು.

ಮನೆಯವಳಿಗೆ ಮಂಡಿನೋವು, ಬರಲಿಲ್ಲ. ಫೋನಿನಲ್ಲಿ ಕೇಳಿದಳು, "ಅಷ್ಟು ದೂರ ಹೋಗಿ ಟ್ಯಾಂಕ್ ನೋಡ್ತಿದೀರಾ? ನಮ್ಮನೆ ಮೇಲೂ ಒಂದಿದೆಯಲ್ರೀ."

ಮಂಡಿಗೆ ಎಣ್ಣೆ ಹಚ್ಚಿಕೋ ಅಂತ ಹೇಳಿ ಫೋನಿಟ್ಟೆ.

9, ಮಂಗಳವಾರ. ಸಂಜೆ

ಒಂಬತ್ತನೆಯದು ಸಣ್ಣ ಊರಿನ ಬಸ್ ನಿಲ್ದಾಣ. ಎರಡು ರೈಲು ಬದಲಿಸಿ ಬಂದೆವು. ದೂರದಿಂದ ನೋಡಿದಾಗ, ಇದಕ್ಕಾ, ಅನ್ನಿಸಿತು. ಹತ್ತಿರ ಹೋದ ಮೇಲೆ ಬಾಯಿ ಮುಚ್ಚಿತು.

ಗೋಡೆಯಿಂದ ಹೊರಟ ಒಂದೇ ಚಾವಣಿ. ಇಪ್ಪತ್ತು ಅಡಿ ಹೊರಗೆ ಚಾಚಿದೆ, ತೊಂಬತ್ತು ಅಡಿ ಉದ್ದ. ಕಂಬವೇ ಇಲ್ಲ. ಬುಡದಲ್ಲಿ ಒಂದೂವರೆ ಅಡಿ ದಪ್ಪ, ತುದಿಯಲ್ಲಿ ನಾಲ್ಕೇ ಇಂಚು. ಕೆಳಗೆ ನಿಂತು ಮೇಲೆ ನೋಡಿದರೆ ಹಲಗೆಯ ಗೆರೆ, ಗಂಟು, ಮೊಳೆಯ ಗುರುತು ಎಲ್ಲ ಹಾಗೇ ಅಚ್ಚಾಗಿವೆ. ಒಂದು ಕಡೆ ಹಲಗೆ ಸಾಲದೆ ತುಂಡು ಸೇರಿಸಿದ್ದಾನೆ ಮೇಸ್ತ್ರಿ. ಸೇರಿಸಿ, ಯಾರ ಕಣ್ಣಿಗೂ ಬೀಳದ ಮೂಲೆಗೆ ತಳ್ಳಿದ್ದಾನೆ. ಅಣ್ಣಾ, ನಾನೂ ಅದನ್ನೇ ಮಾಡುತ್ತಿದ್ದೆ.

ನೋಡಿಕೊಳ್ಳುವವನು ಒಬ್ಬ ಮುದುಕ. ಸೊಂಟದಲ್ಲಿ ಎರಡು ಕಿಲೋ ಬೀಗದ ಕೈ. ಬೀಗದಣ್ಣ ಅಂತ ಹೆಸರಿಟ್ಟೆ. ಮೂವತ್ತೊಂದು ವರ್ಷದಿಂದ ಇಲ್ಲೇ. ಅವನ ಮಾತು ಮಗಳಿಗೆ ಮುಕ್ಕಾಲು ಬರುತ್ತದೆ, ನನಗೆ ಸೊನ್ನೆ. ಊರಿನ ಕಚೇರಿಗೆ ಇದನ್ನು ಕೆಡವಿ ಹೊಸದು ಕಟ್ಟುವ ಹುರುಪಂತೆ. ಬರುವ ಮಂಗಳವಾರ ಮಧ್ಯಾಹ್ನ ಸಭೆ. ಮಗಳು ಅಲ್ಲೇ ಫೋನು ಮಾಡಿ, ಸಭೆಯಲ್ಲಿ ಹತ್ತು ನಿಮಿಷ ಮಾತಾಡಲು ಒಪ್ಪಿಗೆ ತೆಗೆದುಕೊಂಡಳು. ಮಾತಿನಲ್ಲಿ ಯಾರ ಮಗಳು!

"ಉಳಿದ ಐದು ಕಟ್ಟಡ?" ಅಂದೆ.

"ಕಾಯ್ತವೆ."

ನಿಜ. ಅವುಗಳನ್ನು ಕೇಳುವವರಾದರೂ ಯಾರು.

ಒಂದೇ ಒಂದು ಸರಿಯಿಲ್ಲ. ಚಾವಣಿಯ ತುದಿಯಂಚಿಗೆ ಮೂರು ಕಬ್ಬಿಣದ ಜಾಕಿ ನಿಲ್ಲಿಸಿದ್ದಾರೆ. ಕಾಂಕ್ರೀಟಿನದೇ ಬಣ್ಣ ಬಳಿದು. ಯಾಕೆ ಅಂತ ಮಗಳಿಂದ ಬೀಗದಣ್ಣನನ್ನು ಕೇಳಿಸಿದೆ. ಜಾಗ್ರತೆಗೆ ಅಂದನಂತೆ.

10, ಬುಧವಾರ. ಬೆಳಗ್ಗೆ 8.15

ಮಗಳು ಅಳತೆ ತೆಗೆಯುತ್ತಿದ್ದಳು. ನಾನು ಬೆಂಚಿನ ಮೇಲೆ ಅಂಗಾತ ಮಲಗಿ ಹಲಗೆ ಎಣಿಸುತ್ತಿದ್ದೆ. ನೂರ ಹನ್ನೆರಡಕ್ಕೆ ನಿಂತೆ.

ಬಿರುಕು. ಕೆಳಮೈಯಲ್ಲಿ. ತುದಿಯಿಂದ ಏಳೆಂಟು ಅಡಿ ಒಳಗೆ, ಅಂಚಿಗೆ ಸಮನಾಗಿ, ನಡುವಿನ ಜಾಕಿಯ ನೇರಕ್ಕೆ. ಉದ್ದ ಹನ್ನೊಂದು ಅಡಿ. ಉಗುರು ಹೋಗುವುದಿಲ್ಲ, ಬ್ಲೇಡು ಹೋದೀತು.

ಚಾಚಿದ ಚಾವಣಿ ಬಿರಿಯುವುದಿದ್ದರೆ ಮೇಲೆ ಬಿರಿಯಬೇಕು, ಬುಡದಲ್ಲಿ. ಅದರ ಕಂಬಿಯೆಲ್ಲ ಇರುವುದೇ ಮೇಲ್ಗಡೆ. ಕೆಳಗೆ ಬಿರಿದಿದೆ ಅಂದರೆ ಯಾರೋ ಕೆಳಗಿನಿಂದ ಎತ್ತುತ್ತಿದ್ದಾರೆ.

8.40

ಯಾರೋ ಅಲ್ಲ. ಬೀಗದಣ್ಣ ಬಂದ. ಮೇಲೆ ನೋಡಿದ, ಕೈಯಲ್ಲಿದ್ದ ಸಲಾಕೆಯನ್ನು ನಡುವಿನ ಜಾಕಿಗೆ ತೂರಿಸಿ ಕಾಲು ಸುತ್ತು ಬಿಗಿ ಮಾಡಿದ. ಮಗುವಿನ ಹೊದಿಕೆ ಸರಿಮಾಡಿದ ಹಾಗೆ. ನನ್ನ ಕಡೆ ನೋಡಿ ನಕ್ಕ. ನಾನೂ ನಕ್ಕೆ.

ಬಿರುಕು ಕಂಡಾಗಲೆಲ್ಲ ಬಿಗಿ ಮಾಡುತ್ತಾನೆ. ಬಿಗಿ ಮಾಡಿದ್ದಕ್ಕೇ ಬಿರುಕು ಬೆಳೆಯುತ್ತದೆ.

ಬಿರುಕಿನ ಎರಡು ಕೊನೆಗೂ ಪೆನ್ಸಿಲ್ ಗುರುತು ಹಾಕಿದೆ, ಬೆಂಚಿನ ಮೇಲೆ ಹತ್ತಿ. ಬಸ್ಸಿಗೆ ಕಾಯುತ್ತಿದ್ದವರು, ಪಾಪ ಮುದುಕನಿಗೆ ಏನೋ ಆಗಿದೆ ಅಂತ ನೋಡಿದರು. ಕೆಳಗೆ ನಲವತ್ತೇಳು ಜನ. ಹತ್ತೊಂಬತ್ತು ಶಾಲೆ ಮಕ್ಕಳು ಸೇರಿ.

ಮಧ್ಯಾಹ್ನ 3

ಮಗಳಿಗೆ ಹೇಳಿದೆ. ಕೇಳಿಸಿಕೊಂಡಳು, ನಂಬಲಿಲ್ಲ. ಬೀಗದಣ್ಣನನ್ನು ಕೇಳಿಬಂದಳು. ಎರಡು ವರ್ಷದ ಹಿಂದೆ ಬುಡದಲ್ಲಿ ಕೂದಲೆಳೆಯಷ್ಟು ಬಿರುಕು ಕಂಡು, ಹೆದರಿ, ಹಳೆ ಸಾಮಾನಿನಿಂದ ಜಾಕಿ ತಂದು ತಾನೇ ನಿಲ್ಲಿಸಿದ್ದಂತೆ. ಕಚೇರಿಗೆ ಹೇಳಿಲ್ಲ. ಹೇಳಿದರೆ ಕೆಡವುತ್ತಾರೆ.

"ಸಭೆಗೆ ಆರು ದಿನ ಇದೆ. ಈಗ ಬಿರುಕು ಅಂದ್ರೆ ಅವರಿಗೆ ಹಬ್ಬ. ಮಂಗಳವಾರದ ತನಕ ಬಾಯಿ ಮುಚ್ಕೊಂಡಿರಪ್ಪ. ಆಮೇಲೆ ನಾನೇ ಹೇಳ್ತೀನಿ."

"ಚಾವಣಿಗೆ ಮಂಗಳವಾರ ಗೊತ್ತಿದೆಯಾ?"

"ಎಲ್ಲ ಕಾಂಕ್ರೀಟಲ್ಲೂ ಬಿರುಕಿರುತ್ತೆ ಅಂತ ನೀನೇ ಹೇಳ್ತಿದ್ದೆ."

ಹೇಳುತ್ತಿದ್ದೆ. ಮನೆ ಮಾಲೀಕರ ಬಾಯಿ ಮುಚ್ಚಿಸಲು.

"ಅಲ್ಲಪ್ಪ, ಜಾಕಿಯಿಂದಾನೇ ಒಡೀತಿದೆ ಅಂತ ಅಷ್ಟು ಗ್ಯಾರಂಟಿಯಾಗಿ ಹೆಂಗೆ ಹೇಳ್ತೀಯ? ಎಲ್ಲಾದ್ರೂ ನೋಡಿದೀಯಾ?"

ಇಲ್ಲ ಅಂದೆ. ನೋಡಿದ್ದೇನೆ. ಆದರೂ ಇಲ್ಲ ಅಂದೆ. ಸರಿ, ಮಂಗಳವಾರ ಅಂತಲೂ ಅಂದೆ.

13, ಶನಿವಾರ. ಬೆಳಗ್ಗೆ 9

ಎರಡು ದಿನ ಬರೆಯಲಿಲ್ಲ. ಬರೆದರೆ ಓದಬೇಕಾಗುತ್ತದಲ್ಲ.

ಗುರುವಾರ ಬಿರುಕು ಪೆನ್ಸಿಲ್ ಗುರುತಿನಿಂದ ಎರಡು ಬೆರಳು ಆಚೆ. ಶುಕ್ರವಾರ ಒಂದು ಗೇಣು. ಅದೇ ಶುಕ್ರವಾರ ಬೀಗದಣ್ಣ ಇನ್ನೊಂದು ಕಾಲು ಸುತ್ತು. ಈ ಬೆಳಗ್ಗೆ ದೊಡ್ಡ ಬಸ್ಸು ಹಿಂದೆ ಬಂದು ಕಟ್ಟೆಗೆ ಗುದ್ದಿತು. ಉಗುರಿನಷ್ಟು ಚೂರೊಂದು ಉದುರಿ ಅಜ್ಜಿಯೊಬ್ಬಳ ಟೋಪಿಯ ಮೇಲೆ ಬಿತ್ತು. ಹಕ್ಕಿಯ ಕೆಲಸ ಅಂದುಕೊಂಡು ಅವಳು ಮೇಲೆ ನೋಡಿ ಬೈದಳು. ಎಲ್ಲರೂ ನಕ್ಕರು. ನಾನು ಬಗ್ಗಿ ಚೂರನ್ನು ಎತ್ತಿ ಜೇಬಿಗೆ ಹಾಕಿಕೊಂಡೆ.

ಕಳ್ಳನ ಹಾಗೆ. ವರ್ಷಗಳ ಹಿಂದೆ, ನಾನು ಹಾಕಿದ ಬಾಲ್ಕನಿ ಮುರಿದ ದಿನವೂ ಹೀಗೇ ಮಾಡಿದ್ದೆ.

11.30, ಕೋಣೆಯಲ್ಲಿ

ಮಗಳಿಗೆ ಹೇಳಿಬಿಟ್ಟೆ.

ಮನೆಯಲ್ಲಿ ಎಲ್ಲರಿಗೂ ಗೊತ್ತಿರುವ ಕಥೆ ಇದು: ಷಡ್ಡಕ ಮತ್ತು ನಾನು ಜೊತೆಯಲ್ಲಿ ಮೊದಲ ಬಾಲ್ಕನಿ ಹಾಕಿದ್ದು, ಅಂಗಡಿಯವನು ಕಳಪೆ ಕಂಬಿ ಕೊಟ್ಟದ್ದು, ಬಾಲ್ಕನಿ ಮುರಿದು ಷಡ್ಡಕನ ಬಲಗೈ ಹೋದದ್ದು, ನಾನು ಅಂಗಡಿಯ ಮುಂದೆ ಹೋಗಿ ಊರೆಲ್ಲ ಕೇಳುವ ಹಾಗೆ ಕೂಗಾಡಿದ್ದು. ಮಗಳ ಕಾಲೇಜಿನಲ್ಲಿ ಮೈಕು ಹಿಡಿದು ಹೇಳಿದ್ದೇನೆ. ಸೀಟಿನ ಇಂಟರ್‌ವ್ಯೂನಲ್ಲಿ ಅವಳು ಹೇಳಿದ್ದೂ ಇದನ್ನೇ. ನನ್ನಪ್ಪ ಕಳಪೆಯನ್ನು ಸಹಿಸಲಿಲ್ಲ, ಅದಕ್ಕೇ ನಾನು ಕಟ್ಟಡ ಕಲಿಯಬೇಕು ಅಂತ.

ಕಂಬಿ ಚೆನ್ನಾಗಿಯೇ ಇತ್ತು. ಹಲಗೆ ಬಿಚ್ಚಿದ ಮೇಲೆ ಬಾಲ್ಕನಿ ಒಂದಿಷ್ಟು ಬಾಗಿದಂತೆ ಕಂಡು ಹೆದರಿದೆ. ತುದಿಗೆ ಜಾಕಿ ಕೊಟ್ಟು ಎತ್ತಿದೆ. ಕೆಳಗೆ ಗೆರೆ ಬಿತ್ತು. ಇನ್ನಷ್ಟು ಎತ್ತಿದೆ. ನಾಲ್ಕನೆಯ ದಿನ ಷಡ್ಡಕ ಕೆಳಗೆ ಕೂತು ಬೀಡಿ ಹಚ್ಚುತ್ತಿದ್ದ.

ಮಗಳು ಅಳತೆ ಟೇಪನ್ನು ಸುತ್ತಿ ಮೇಜಿನ ಮೇಲಿಟ್ಟಳು.

"ಚಿಕ್ಕಪ್ಪಂಗೆ ಗೊತ್ತಾ?"

"ಇಲ್ಲ."

"ಆ ಅಂಗಡಿಯವನು?"

"ಅಂಗಡಿ ಮುಚ್ಚಿದ."

ಎದ್ದಳು. ಕಿಟಕಿಯ ಹತ್ತಿರ ನಿಂತಳು. "ಬುಧವಾರ ಕೇಳಿದ್ನಲ್ಲಪ್ಪ ನಾನು, ನೋಡಿದೀಯಾ ಅಂತ. ಮೂರು ದಿನ ಮಕ್ಕಳನ್ನ ಅದರ ಕೆಳಗೆ ನಿಲ್ಲಿಸ್ದೆಯಲ್ಲ, ನಿನ್ನ ಮರ್ಯಾದೆಗೆ."

ನನ್ನ ಮರ್ಯಾದೆಗೆ, ನಿನ್ನ ಪುಸ್ತಕಕ್ಕೆ ಅಂತ ನಾಲಿಗೆಯ ತುದಿಗೆ ಬಂತು. ನುಂಗಿದೆ. ಪುಸ್ತಕದ ಪಾಲು ಅವಳೇ ಲೆಕ್ಕ ಹಾಕಿಕೊಂಡಿರುತ್ತಾಳೆ. ನನ್ನ ಪಾಲು ನನಗಿರಲಿ.

ಮಧ್ಯಾಹ್ನ 1

ಅವಳು ಕಚೇರಿಗೆ ಫೋನು ಮಾಡುತ್ತಿದ್ದಾಳೆ. ಶನಿವಾರ, ಯಾರೂ ಎತ್ತುತ್ತಿಲ್ಲ. "ಬೀಗದಣ್ಣನಿಗೆ ಯಾರು ಹೇಳೋದು?" ಅಂದಳು. ನಾನು ಹೋಗುತ್ತೇನೆ ಅಂದೆ. ಭಾಷೆ? ಬೇಡ. ಇದನ್ನು ಹೇಳಲು ನನಗೆ ಭಾಷೆ ಇದ್ದಿದ್ದರೆ ಸುತ್ತಿ ಬಳಸಿ ಏನೋ ಒಂದು ಮಾಡಿಬಿಡುತ್ತಿದ್ದೆ.

2.30

ಅವನ ಕೋಣೆಯಲ್ಲಿ ಒಂದು ಮೇಜು, ಎರಡು ಕುರ್ಚಿ, ಗೋಡೆಯ ಮೇಲೆ ನಿಲ್ದಾಣದ ಹಳೆ ಫೋಟೊ. ಟೀ ಕೊಟ್ಟ, ಬಿಸ್ಕತ್ತು ಕೊಟ್ಟ. ತೆಳ್ಳನೆಯ ಉದ್ದ ಬಿಸ್ಕತ್ತು. ಒಂದನ್ನು ಮೇಜಿನಂಚಿಗೆ ಇಟ್ಟೆ, ಮುಕ್ಕಾಲು ಹೊರಗೆ ಚಾಚಿ. ಒಳಗಿನ ತುದಿಯನ್ನು ಹೆಬ್ಬೆರಳಲ್ಲಿ ಒತ್ತಿ ಹಿಡಿದೆ. ಫೋಟೊದಲ್ಲಿನ ಚಾವಣಿ ತೋರಿಸಿದೆ. ತಲೆಯಾಡಿಸಿ ನಕ್ಕ. ಆಮೇಲೆ ಇನ್ನೊಂದು ಕೈಯ ಕಿರುಬೆರಳನ್ನು ಹೊರತುದಿಯ ಕೆಳಗೆ ಕೊಟ್ಟೆ. ಮೂಲೆಯಲ್ಲಿದ್ದ ಅವನ ಸಲಾಕೆ ತೋರಿಸಿದೆ. ಕಾಲು ಸುತ್ತು ಅಂತ ಗಾಳಿಯಲ್ಲಿ ತಿರುಗಿಸಿದೆ. ಮೆಲ್ಲಗೆ ಎತ್ತಿದೆ. ಇನ್ನೊಮ್ಮೆ.

ಟಕ್.

ಅವನು ಚೂರುಗಳನ್ನು ನೋಡಿದ. ಇನ್ನೊಂದು ಬಿಸ್ಕತ್ತು ತೆಗೆದುಕೊಂಡು ತಾನೇ ಮಾಡಿ ನೋಡಿದ. ಅದೂ ಟಕ್. ಮೂರನೆಯದನ್ನು ಎತ್ತಿಕೊಂಡು, ಮಾಡದೆ, ಹಿಡಿದೇ ಕೂತ. ನಾನು ನನ್ನ ಎದೆ ಮುಟ್ಟಿಕೊಂಡು ಸಲಾಕೆ ತೋರಿಸಿದೆ. ನಾನೂ, ಅಂತ. ಅರ್ಥವಾಯಿತೋ ಇಲ್ಲವೋ. ಕೈ ಚಾಚಿ ನನ್ನ ತೋಳು ಹಿಡಿದ. ನನ್ನನ್ನು ಸಮಾಧಾನ ಮಾಡಲೋ, ತಾನು ಬೀಳದಿರಲೋ.

ಎದ್ದು ಹೋಗಿ ಹಗ್ಗ ತಂದ. ನಾವಿಬ್ಬರೇ ಚಾವಣಿಯ ಸುತ್ತ ಕಟ್ಟಿದೆವು. ಬೆಂಚುಗಳನ್ನು ಬಿಸಿಲಿಗೆ ಎಳೆದೆವು. ಜನ ಬೈದರು. ಭಾಷೆ ಬಾರದಿದ್ದರೆ ಇದೊಂದು ಲಾಭ.

15, ಸೋಮವಾರ. ಸಂಜೆ 5

ಕಚೇರಿಯಿಂದ ಎಂಜಿನಿಯರಮ್ಮ ಬಂದರು. ಐವತ್ತು ದಾಟಿದವರು, ನಗು ಕಡಿಮೆ. ಏಣಿ ಹತ್ತಿ ಬಿರುಕು ನೋಡಿದರು, ಬುಡ ನೋಡಿದರು, ಬೀಗದಣ್ಣನನ್ನು ನೋಡಿದರು. ಅವನು ಟೋಪಿ ತೆಗೆದು ಶಾಲೆ ಹುಡುಗನ ಹಾಗೆ ನಿಂತಿದ್ದ.

ಮಗಳು ಎಲ್ಲವನ್ನೂ ಹೇಳಿದಳು. ಆಮೇಲೆ ನನ್ನ ಕಡೆ ತಿರುಗಿ, "ಬಾಲ್ಕನಿದೂ ಹೇಳಿದೆ. ನಿನ್ನ ಹೆಸರು ಹಿಡಿದೇ ಹೇಳಿದೆ" ಅಂದಳು. ಸರಿ ಅಂದೆ.

ಎಂಜಿನಿಯರಮ್ಮನ ಮಾತು ಇಷ್ಟು. ನಾಳೆ ಬೆಳಗ್ಗೆ ಜಾಕಿ ಸಡಿಲಿಸುವುದು, ಕಾಲು ಕಾಲು ಸುತ್ತು. ತುದಿ ಎಷ್ಟು ಇಳಿಯುತ್ತದೆ ಅಂತ ಅಳೆಯುವುದು. ಹತ್ತು ಮಿಲಿಮೀಟರಿನೊಳಗೆ ನಿಂತರೆ ಚಾವಣಿ ಗಟ್ಟಿ ಅಂತ ಸಭೆಗೆ ಅವರೇ ಬರೆದುಕೊಡುತ್ತಾರೆ. ದಾಟಿದರೆ ಮತ್ತೆ ಆಸರೆ ಕೊಟ್ಟು, ಈ ವಾರವೇ ಕೆಡವುವುದು. ಮಗಳ ಹತ್ತು ನಿಮಿಷವೂ ಬೇಕಾಗುವುದಿಲ್ಲ.

ಕೋಣೆಗೆ ಹತ್ತುವ ಮೆಟ್ಟಿಲ ಹತ್ತಿರ ಮಗಳು, "ಊರಿಗೆ ಹೋದ್ಮೇಲೆ ಚಿಕ್ಕಪ್ಪನ ಮನೆಗೆ ನಾನೂ ಬರ್ತೀನಿ" ಅಂದಳು. ಹೋಗುತ್ತೇನೆ ಅಂತ ನಾನು ಹೇಳಿಯೇ ಇರಲಿಲ್ಲ.

16, ಮಂಗಳವಾರ. 9.10

ಹಗ್ಗದ ಆಚೆ ನಿಂತು ಬರೆಯುತ್ತಿದ್ದೇನೆ. ಒಳಗೆ ಹೋಗಲು ಇಬ್ಬರಿಗೆ ಮಾತ್ರ ಒಪ್ಪಿಗೆ. ಕಚೇರಿಯ ಕೆಲಸದವನೊಬ್ಬ. ಇನ್ನೊಬ್ಬ ತಾನೇ ಆಗಬೇಕು ಅಂತ ಬೀಗದಣ್ಣ ಹಟ ಹಿಡಿದ. ಎಂಜಿನಿಯರಮ್ಮ ಹೆಲ್ಮೆಟ್ಟು ಕೊಟ್ಟರು. ಬೀಗದ ಕೈ ಗೊಂಚಲನ್ನು ಬಿಚ್ಚಿ ನನಗೆ ಕೊಟ್ಟು ಒಳಗೆ ಹೋದ.

9.25. ಮೂರು ಜಾಕಿಗೂ ಕಾಲು ಸುತ್ತು. ತುದಿ ಒಂದು ಮಿಲಿ ಇಳಿಯಿತು.

9.50. ಇನ್ನೊಂದು ಕಾಲು. ಒಟ್ಟು ಎರಡು ಮಿಲಿ. ಬಿರುಕು ಕಿರಿದಾಗಿದೆಯಂತೆ. ಮಗಳು ದುರ್ಬೀನಿನಲ್ಲಿ ನೋಡಿ ಹೇಳುತ್ತಿದ್ದಾಳೆ.

10.20. ನಾಲ್ಕು. ಬುಡದಲ್ಲಿ ಏನೋ ಸದ್ದಾಯಿತು. ಎಲ್ಲರೂ ನಿಂತರು. ಬೀಗದಣ್ಣ ಹೊರಗೆ ಓಡಲಿಲ್ಲ. ಮೇಲೆ ನೋಡಿಕೊಂಡು ನಿಂತ. ಹೊರಗೆ ಬಾರಯ್ಯಾ ಅಂತ ನಾನು ಕೂಗಿದ್ದು ಕನ್ನಡದಲ್ಲಿ.

10.45. ಆರು. ಎಡ ಬಲದ ಜಾಕಿಗಳು ಪೂರ್ತಿ ಸಡಿಲ. ನಡುವಿನದೊಂದು ಬಾಕಿ.

11.05. ಏಳು. ನಡುವಿನ ಜಾಕಿಯ ತಲೆಗೂ ಚಾವಣಿಗೂ ನಡುವೆ ಬೀಗದಣ್ಣ ಕಾಗದ ತೂರಿಸಿದ. ಹೋಯಿತು. ಆಚೆ ಕಡೆಯಿಂದ ಎಳೆದುಕೊಂಡ. ಈಗ ಚಾವಣಿಯನ್ನು ಯಾರೂ ಎತ್ತುತ್ತಿಲ್ಲ.

11.15. ಎಂಟು.

ಮಗಳು ನನ್ನ ಶರ್ಟಿನ ತೋಳು ಹಿಡಿದಿದ್ದಾಳೆ. ಶನಿವಾರದಿಂದ ಮೊದಲ ಸಲ. ಹಿಡಿದಿರುವುದು ಅವಳಿಗೇ ಗೊತ್ತಿಲ್ಲ. ಅಲುಗಾಡದೆ ಎಡಗೈಯಲ್ಲಿ ಪುಸ್ತಕ ಹಿಡಿದು ಬರೆಯುತ್ತಿದ್ದೇನೆ.

11.25. ಎಂಟೂವರೆ. ಎಂಜಿನಿಯರಮ್ಮ ಕನ್ನಡಕ ಒರೆಸಿಕೊಂಡರು.

11.35. ಎಂಟೂವರೆ.

11.45. ಎಂಟೂವರೆ. ಇನ್ನು ಹದಿನೈದು ನಿಮಿಷ ನೋಡುತ್ತಾರಂತೆ. ಆಚೆ ದೊಡ್ಡ ಬಸ್ಸು ಬಂದು ನಿಂತಿತು, ನೆಲ ನಡುಗಿತು.

12.00. ಬೀಗದಣ್ಣ ಅಳತೆಯ ಮುಂದೆ ಬಗ್ಗಿದ್ದಾನೆ. ಎಂಜಿನಿಯರಮ್ಮನೂ ಬಗ್ಗಿದರು. ಬೆರಳಿನಲ್ಲಿ ತೋರಿಸುತ್ತಿದ್ದಾನೆ, ಎಂಟು, ಆಮೇಲೆ ಬೆರಳನ್ನು ಅರ್ಧಕ್ಕೆ ಮಡಚಿ... ಅಯ್ಯೋ, ಈ ಹುಡುಗಿ ಹಗ್ಗದ ಕೆಳಗೆ ನುಸುಳಿ ಒಳಗೇ ಓಡಿದಳು, ನನ್ನ ತೋಳನ್ನೂ ಎಳೆದುಕೊಂ—