ಕೈ ಮುಟ್ಟದೆ ತಿರುಗಿದ ಗ್ರೈಂಡರು

ಗೆಳೆಯ ಈರಣ್ಣ,

ಈ ಕಥೆಯನ್ನು ನನಗೆ ಮೊದಲು ಹೇಳಿದವಳು ನಿನ್ನ ಹೆಂಡತಿ ಶಾಂತಮ್ಮ. ಈ ಸಲದ ವಿಜಯದಶಮಿಯ ಸಂಜೆ, ಬನ್ನಿ ಕೊಡಲೆಂದು ನಾನು ಎಮ್ಮಿಗನೂರಿನಿಂದ ಬಸ್ಸು ಹಿಡಿದು ಕಂಪ್ಲಿಗೆ ಬಂದಾಗ ಹೇಳಿದಳು. ನಿನಗೆ ಗೊತ್ತಲ್ಲ, ಕಥೆ ಅಂದರೆ ನಾನು ಊಟ ಬಿಟ್ಟು ಕೂರುವವನು. ಆದರೆ ಈ ಕಥೆ ಕೇಳುತ್ತಾ ನನಗೆ ಮೊದಲು ಬಂದದ್ದು ಅನುಮಾನ. ನೀನು ತೀರಿಹೋದ ಮೇಲೆ ನಿಮ್ಮ ಮನೆಯಲ್ಲಿ ನಡೆದದ್ದನ್ನು ನಿನಗಲ್ಲದೆ ಇನ್ಯಾರಿಗೆ ಬರೆಯಲಿ?

ನೀನು ಆ ಗ್ಯಾರೇಜು ಕಟ್ಟಿಸಿದ ದಿನ ನೆನಪಿದೆಯಾ? ರಿಟೈರಾದ ಮೇಲೆ ಕಾರು ತರುತ್ತೇನೆ ಅಂತ ಮನೆಯ ಪಕ್ಕಕ್ಕೆ ತಗಡು ಹೊದಿಸಿದೆ. ಕಾರು ಬರಲೇ ಇಲ್ಲ, ಕಬ್ಬಿಣ ಬಂತು. ಕಬ್ಬಿಣ ಬಿಗಿದು ಹಿಡಿಯುವ ವೈಸು ಬಂತು, ಡ್ರಿಲ್ಲು ಬಂತು, ವೆಲ್ಡಿಂಗ್ ಮಿಷನ್ನು ಬಂತು. ಕಡೆಗೆ ಆ ಗ್ರೈಂಡರು, ತುದಿಯ ಚಕ್ರ ತಿರುಗಿ ಕಬ್ಬಿಣ ಕೊಯ್ಯುವ ಕೈ ಮಿಷನ್ನು. ಕೆಳಗಡೆ ಉದ್ದನೆಯ ಸ್ವಿಚ್ಚಿನದು; ಅಂಗೈಯಲ್ಲಿ ಒತ್ತಿ ಹಿಡಿದಷ್ಟು ಹೊತ್ತು ತಿರುಗಬೇಕು, ಬಿಟ್ಟರೆ ನಿಲ್ಲಬೇಕು. ಹೊಸಪೇಟೆಯ ಅಂಗಡಿಯಲ್ಲಿ ಅದಕ್ಕಿಂತ ಅಗ್ಗದ್ದು ಇದ್ದರೂ ನೀನು ಇದನ್ನೇ ಆರಿಸಿದೆ. "ಕೈ ಜಾರಿದ್ರ ತಾನ ನಿಂದರತೈತಲೇ ಮಲ್ಲ, ಮನುಷ್ಯಾರಿಗಿಂತ ಶಾಣೇ ಐತಿ" ಅಂದಿದ್ದೆ. ಕಾರ್ಖಾನೆಯಲ್ಲಿ ಮೂರು ಬೆರಳು ಕಳೆದುಕೊಂಡವನ ಕೈ ಕುಲುಕಿದ ಮೇಲೆ ನಿನಗೆ ಯಂತ್ರದ ಮೇಲೆ ಅಷ್ಟು ಭಯ, ಅಷ್ಟೇ ಭಕ್ತಿ. ಲುಂಗಿ ಉಟ್ಟುಕೊಂಡು ಬಂದ ನನ್ನನ್ನು ಹೊಸ್ತಿಲ ಹೊರಗೇ ನಿಲ್ಲಿಸಿ ಮಾತಾಡಿಸಿದ ಪುಣ್ಯಾತ್ಮ ನೀನು.

ನಿನ್ನ ಮಗಳು ಸುಜಾತ ಆ ಗ್ಯಾರೇಜಿನ ಬಾಗಿಲು ಮತ್ತೆ ತೆರೆದ ದಿನವೂ ನಾನು ಅಲ್ಲಿದ್ದೆ. ಬಟ್ಟೆ ಅಂಗಡಿಯ ಕೌಂಟರಿನಲ್ಲಿ ನಿಂತು ನಿಂತು ಕಾಲು ಊದಿಸಿಕೊಂಡಿದ್ದ ಹುಡುಗಿ, ಆ ಕೆಲಸ ಬಿಟ್ಟು ನಿನ್ನ ಮಿಷನ್ನು ಹಿಡಿದಳು. ಹಂಪಿಯಲ್ಲಿ ಸೈಕಲ್ ಬಾಡಿಗೆಗೆ ಕೊಡುವವರಿಗೆ ಬುಟ್ಟಿ, ಸ್ಟ್ಯಾಂಡು, ಹಿಂದಿನ ಕ್ಯಾರಿಯರು ಮಾಡಿಕೊಡುತ್ತಾಳೆ. ಚೆನ್ನಾಗಿ ಮಾಡುತ್ತಾಳೆ. ನಿನ್ನ ಹಾಗೆಯೇ ಅಂತ ಹೇಳಲಾರೆ, ನಿನಗಿಂತ ಜಲ್ದಿ ಮಾಡುತ್ತಾಳೆ. ನಿನ್ನ ತಮ್ಮ ಶೇಖರನಿಗೆ ಮಾತ್ರ ಇದು ಮೊದಲಿನಿಂದಲೂ ಸರಿಬರಲಿಲ್ಲ. "ಹೆಣ್ಮಗಳು ಕಬ್ಬಿಣ ಕಡಿಯೋದೇನು, ಆ ಜಾಗದಾಗ ಎರಡು ರೂಮು ಹಾಕಿ ಬಾಡಿಗಿಗೆ ಕೊಡ್ರಿ ಅತ್ತಿಗೆವ್ರ" ಎಂದು ಬಂದಾಗಲೆಲ್ಲ ಅನ್ನುತ್ತಿದ್ದ. ಗ್ಯಾರೇಜಿನ ಇನ್ನೊಂದು ಬೀಗದ ಕೈ ಅವನ ಹತ್ತಿರ ಇತ್ತು, ನೀನೇ ಕೊಟ್ಟದ್ದು. ಇದನ್ನು ನಾನು ಮರೆತಿರಲಿಲ್ಲ.

ಶಾಂತಮ್ಮ ಹೇಳಿದ ಕಥೆ ಹೀಗೆ. ನೀನು ತೀರಿಕೊಂಡ ವರ್ಷ ಮನೆಯಲ್ಲಿ ಹಬ್ಬ ಇರಲಿಲ್ಲ, ಈ ವರ್ಷದ್ದೇ ಮೊದಲ ಆಯುಧಪೂಜೆ. ತಾಯಿ ಮಗಳು ಸೇರಿ ನಿನ್ನ ಪ್ರತಿಯೊಂದು ಹತಾರವನ್ನೂ ತೊಳೆದು, ವಿಭೂತಿ ಬಳಿದು, ಅರಿಶಿನದ ದಾರದ ಕಂಕಣ ಕಟ್ಟಿ, ಚೆಂಡು ಹೂವು ಏರಿಸಿದರಂತೆ. ಪೂಜೆಯಾದ ಮೇಲೆ ಮಿಷನ್ನುಗಳನ್ನು ಒಂದು ಸಲ ಚಾಲೂ ಮಾಡಿ ನಿಲ್ಲಿಸುವುದು ನಿನ್ನ ಪದ್ಧತಿಯಲ್ಲವೇ? ಗ್ರೈಂಡರಿನ ಪ್ಲಗ್ಗು ಚುಚ್ಚಿ ಬೋರ್ಡಿನ ಸ್ವಿಚ್ಚು ಹಾಕಿದರೆ ಕರೆಂಟಿಲ್ಲ. ಆಮೇಲೆ ನೋಡೋಣ ಅಂತ ಹಾಗೇ ಬೀಗ ಹಾಕಿ ಊಟಕ್ಕೆ ಹೋದರು. ದೀಪ ಹಚ್ಚುವ ಹೊತ್ತಿಗೆ, ಬೀಗ ಹಾಕಿದ ಗ್ಯಾರೇಜಿನೊಳಗೆ ಗ್ರೈಂಡರು ಗರ್ರ್ ಅಂತ ತಿರುಗಿತಂತೆ. ಏನೋ ಬಿದ್ದ ಸದ್ದು, ತಗಡಿಗೆ ಬಡಿದ ಸದ್ದು, ಆಮೇಲೆ ಎಲ್ಲಾ ಸುಮ್ಮನೆ. ಬಾಗಿಲು ತೆಗೆದು ನೋಡಿದರೆ ಒಳಗೆ ಯಾರೂ ಇಲ್ಲ. ಗ್ರೈಂಡರು ನೆಲದ ಮೇಲೆ, ಅದರ ವೈರು ಚಾಕುವಿನಿಂದ ಕೊಯ್ದ ಹಾಗೆ ಎರಡು ತುಂಡು.

ಅದು ಮೊದಲನೇ ಸಲ. ಮರುದಿನ ಬೆಳಿಗ್ಗೆ ಸುಜಾತ ವೈರಿಗೆ ಗಂಟು ಹಾಕಿ ಟೇಪು ಸುತ್ತಿ, ಬೋರ್ಡಿನ ಸ್ವಿಚ್ಚು ಹಾಕಿದ್ದೇ ತಡ, ಗ್ರೈಂಡರು ಹಲಗೆಯ ಮೇಲಿಂದ ಅವಳ ಕಡೆಗೇ ನೆಗೆಯಿತು. ಮಣಿಕಟ್ಟು ಕೆರೆದುಕೊಂಡು ಹೋಯಿತು. ಸ್ವಲ್ಪ ಆಚೆ ಆಗಿದ್ದರೆ... ಬೇಡ ಬಿಡು. "ನಾ ಅದನ್ನ ಮುಟ್ಟೇ ಇದ್ದಿಲ್ಲ ಕಾಕಾ, ನನ್ನ ಕೈ ಬೋರ್ಡಿನ ಮ್ಯಾಲಿತ್ತು" ಅಂದಳು ಹುಡುಗಿ, ಕೈಗೆ ಕಟ್ಟಿದ ಬಟ್ಟೆ ತೋರಿಸುತ್ತಾ. ಶಾಂತಮ್ಮ ಬೀಗ ಜಡಿದು ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು. ನನ್ನ ಹತ್ತಿರ ಸರಿದು, ಮೆಲ್ಲಗೆ ಹೇಳಿದಳು: "ಅವರ ಬಂದಾರಣ್ಣ. ತಮ್ಮ ಹತಾರ ಇನ್ನೊಬ್ರು ಮುಟ್ಟೋದು ಅವರಿಗೆ ಬ್ಯಾಡಾಗೈತಿ. ಹಬ್ಬ ಕಳದ ಮ್ಯಾಲ ಎಲ್ಲಾ ಮಾರಿ, ಜಾಗ ಶೇಖರಪ್ಪಗ ಒಪ್ಪಿಸಿಬಿಡ್ತೀನಿ." ಸುಜಾತ ಗೋಡೆಯ ಕಡೆ ಮುಖ ಮಾಡಿದಳು. ಅಂದರೆ ಮತ್ತೆ ಬಟ್ಟೆ ಅಂಗಡಿ, ಮತ್ತೆ ಕೌಂಟರು.

ನೀನು ದೆವ್ವವಾದೆ ಅಂದರೆ ನಾನು ನಂಬುವೆನೇ? ದೆವ್ವದ ಕಥೆ ಹೇಳಿಯೇ ಬೆಳೆದವನು ನಾನು. ಯಾವ ಕಥೆಯಲ್ಲೂ ದೆವ್ವ ತನ್ನ ಮಗಳ ಕೈ ಕುಯ್ಯುವುದಿಲ್ಲ. ಹಬ್ಬದ ಹಿಂದಿನ ದಿನದವರೆಗೂ ನೆಟ್ಟಗಿದ್ದ ಮಿಷನ್ನು, ಕೊಯ್ದ ವೈರು, ಎರಡನೇ ಬೀಗದ ಕೈ, ಎರಡು ರೂಮು... ಲೆಕ್ಕ ಎಲ್ಲಿಗೆ ಹೋಗಿ ನಿಲ್ಲುತ್ತದೆ ನೀನೇ ಹೇಳು. ಅಷ್ಟರಲ್ಲಿ ಶೇಖರನೇ ಬಂದ. ಹೊಸ ಬಿಳಿ ಅಂಗಿ, ಕೈಯಲ್ಲಿ ಬನ್ನಿ ಎಲೆ. "ಬರ್ರಿ ಮಲ್ಲಣ್ಣ, ಬನ್ನಿ ತಗೊಂಡು ಬಂಗಾರದಂಗ ಇರೋಣ" ಅಂತ ಕೈ ಚಾಚಿದ. ನಾನು ನನ್ನ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡೆ. "ಮದಲ ಗ್ರೈಂಡರಿನ ಸುದ್ದಿ ಮುಗೀಲಿ" ಅಂದೆ. ಹಬ್ಬದ ಸಂಜೆ ಬನ್ನಿ ಬೇಡ ಅಂದವನನ್ನು ಕಂಪ್ಲಿ ನೋಡಿರಲಿಕ್ಕಿಲ್ಲ. ಅವನ ಮುಖ ಕಪ್ಪಾಯಿತು. ಒಂದು ಮಾತೂ ಆಡದೆ ಹೋದ. ತಪ್ಪಿಲ್ಲದವನು ಬಯ್ಯಬೇಕಿತ್ತಲ್ಲ, ಯಾಕೆ ಬಯ್ಯಲಿಲ್ಲ?

ಚಿಕ್ಕಂದಿನಲ್ಲಿ ನಮ್ಮಜ್ಜಿ ಹೇಳುತ್ತಿದ್ದ ಕಥೆಯೊಂದರಲ್ಲಿ, ಕಳ್ಳನ ಹೆಜ್ಜೆ ಹಿಡಿಯಲು ಸೊಸೆ ಹೊಸ್ತಿಲೊಳಗೆ ಬೂದಿ ಚೆಲ್ಲುತ್ತಾಳೆ. ನಾನು ರಂಗೋಲಿ ಹಿಟ್ಟು ಚೆಲ್ಲಿದೆ. ಶಾಂತಮ್ಮನಿಂದ ಬೀಗದ ಕೈ ಇಸಿದುಕೊಂಡು, ಗ್ಯಾರೇಜಿನ ನೆಲದ ತುಂಬ ತೆಳ್ಳಗೆ ಹರಡಿ, ಬೀಗ ಹಾಕಿ, ಬೀಗದ ಕೈ ಅವಳಿಗೇ ಕೊಟ್ಟು ಊರಿಗೆ ಹೋದೆ. ಮರುದಿನ ಮಧ್ಯಾಹ್ನ ಬಂದು ಬಾಗಿಲು ತೆಗೆದರೆ, ಹಿಟ್ಟಿನ ಮೇಲೆ ಚಪ್ಪಲಿ ಗುರುತು ಸಾಲಾಗಿ! ದೆವ್ವ ಚಪ್ಪಲಿ ಮೆಟ್ಟುತ್ತದೆಯೇ? ಹೆಜ್ಜೆಗಳು ಈ ಗೋಡೆಯಿಂದ ಆ ಗೋಡೆಗೆ, ಅಲ್ಲಿಂದ ಮೂಲೆಗೆ ಹೋಗಿದ್ದವು. ಸಿಕ್ಕಿಬಿದ್ದ ಅಂದುಕೊಂಡೆ. ಸುಜಾತಳನ್ನು ಕಳಿಸಿ ಶೇಖರನನ್ನು ಕರೆಸಿದೆ.

ಅವನು ಬಂದು ಹಿಟ್ಟನ್ನೂ ನನ್ನನ್ನೂ ನೋಡಿದ.

"ಇವು ಯಾರ ಚಪ್ಪಲಿವೋ ಶೇಖರ?"

"ನನ್ನವ."

"ಬೀಗ ಹಾಕಿದ ಮನ್ಯಾಗ ನಿನಗೇನಿತ್ತು ಕೆಲಸ?"

"ಅಳತಿ ತಗಳಾಕ ಬಂದಿದ್ದೆ. ಅತ್ತಿಗೆವ್ರು ಜಾಗ ಕೊಡ್ತೀನಂದಾರ, ರೂಮು ಎಷ್ಟರದು ಬರ್ತೈತಿ ನೋಡಬ್ಯಾಡೇನು?"

"ಮಿಷನ್ನಿನ ಒಳಗ ಕೈ ಹಾಕಾಕ ಅಲ್ಲ?"

"ಮಲ್ಲಣ್ಣ, ನೀನು ಕಥಿ ಹೇಳಿ ಹೇಳಿ ಎಲ್ಲಾರ ಮನ್ಯಾಗೂ ರಾಕ್ಷಸನ್ನ ಹುಡುಕ್ತೀಯಪ. ಜಾಗ ಬೇಕು ಅಂದೀನಿ, ಹೌದು. ಅಣ್ಣ ದೆವ್ವಾಗಿ ತಿರಗ್ಯಾಡ್ತಾನ ಅಂದಾಗ ಸುಮ್ಮನಿದ್ದೆ, ಅದೂ ಹೌದು. ನನ್ನ ಅಣ್ಣನ ಮಗಳ ಕೈ ಕುಯ್ಯಾಕ ಬರ್ತೀನೇನು? ಅಣ್ಣನ ಆಯುಧ ಹಿಡದು ಹೇಳ್ತೀನಿ ನೋಡು!"

ಅಂತ ಹೇಳಿ ಗ್ರೈಂಡರಿಗೇ ಕೈ ಹಾಕಿದ. "ಚಿಗಪ್ಪಾ, ಪ್ಲಗ್ಗು!" ಅಂತ ಸುಜಾತ ಚೀರಿದಳು. ಓಡಿ ಹೋಗಿ ಅದನ್ನು ಕಿತ್ತಳು. ಅವಳು ಕೀಳುವವರೆಗೂ ಅದು ಚುಚ್ಚಿಕೊಂಡೇ ಇತ್ತು ಈರಣ್ಣ, ಬೋರ್ಡಿನ ಸ್ವಿಚ್ಚು ಮಾತ್ರ ಆರಿತ್ತು.

ಶೇಖರ ಗ್ರೈಂಡರನ್ನು ಎದೆಗೆ ಒತ್ತಿ ಹಿಡಿದು ಆಣೆ ಮಾಡಲು ಬಾಯಿ ತೆಗೆದವನು, ಅರ್ಧಕ್ಕೇ ನಿಲ್ಲಿಸಿದ. ಅಂಗೈಯಲ್ಲಿ ತಡಕಿದ. "ಇದರ ಸ್ವಿಚ್ಚು ಎಲ್ಲೈತಿ? ಒಳಗ ಕುಂತುಬಿಟ್ಟೈತಲ್ಲ ಇದು" ಅಂದ. ನಾವು ಮೂವರೂ ಬಗ್ಗಿದೆವು. ಒಣಗಿದ ವಿಭೂತಿ, ಬಾಡಿದ ಚೆಂಡು ಹೂವು, ಅದರಡಿಯಲ್ಲಿ ಹೊಟ್ಟೆಯ ಸುತ್ತ ಬಿಗಿಯಾಗಿ ಎಳೆಎಳೆಯಾಗಿ ಸುತ್ತಿದ ಅರಿಶಿನದ ಕಂಕಣ. ಆ ಕಂಕಣವೇ ಸ್ವಿಚ್ಚನ್ನು ಒತ್ತಿ ಹಿಡಿದಿತ್ತು. ಬಿಟ್ಟರೆ ನಿಲ್ಲುವ ಮಿಷನ್ನನ್ನು ನಮ್ಮ ಭಕ್ತಿ ಬಿಟ್ಟಿರಲೇ ಇಲ್ಲ. ಕರೆಂಟು ಬಂದಾಗ ತಿರುಗಿತು, ಹಲಗೆಯಿಂದ ಬಿತ್ತು, ತನ್ನ ವೈರನ್ನು ತಾನೇ ಕೊಯ್ದುಕೊಂಡು ನಿಂತಿತು. ಎರಡೂ ಸಲ ತಾಯಿ ಮಗಳು ಆ ದಾರವನ್ನು ನೋಡಿದ್ದರು. ಪೂಜೆಯ ದಾರದ ಮೇಲೆ ಅನುಮಾನ ಪಡುವವರು ಯಾರಿದ್ದಾರೆ? ಮನುಷ್ಯನ ಮೇಲಾದರೆ ಸುಲಭ.

ಶಾಂತಮ್ಮ ಬಾಗಿಲಲ್ಲಿ ನಿಂತಿದ್ದಳು. ಸುಜಾತ ಕತ್ತರಿ ತೆಗೆದುಕೊಂಡಾಗ "ಕಂಕಣ ಕತ್ತರಿಸಬಾರದವ್ವ, ತಾನ ಉದುರಬೇಕು" ಅಂತ ತಡೆದಳು. ಸುಜಾತ ಕತ್ತರಿ ಕೆಳಗಿಟ್ಟಳು. ಸ್ವಲ್ಪ ಎಣ್ಣೆ ಹಚ್ಚಿ, ದಾರವನ್ನು ಮೆಲ್ಲಗೆ ಮುಂದಕ್ಕೆ ಜಾರಿಸಿ, ಪಕ್ಕದ ಹಿಡಿಕೆಗೆ ಸೇರಿಸಿದಳು. ಟಕ್ ಅಂತ ಸ್ವಿಚ್ಚು ಹೊರಗೆ ಬಂತು. ಎಲ್ಲ ಸರಿಹೋಯಿತು ಅಂತ ನಾನು ನಕ್ಕೆ, ಶೇಖರನೂ ನಕ್ಕ. ಶಾಂತಮ್ಮ ನಗಲಿಲ್ಲ. ಹೊಸ್ತಿಲ ಮೇಲೆ ಕೂತು ಕೇಳಿದಳು:

"ಹಂಗಾದ್ರ... ಅವರು ಬಂದಿರಲಿಲ್ಲೇನಣ್ಣ?"

ಏನು ಹೇಳಲಿ ಈರಣ್ಣ? ಅವಳು ಹೆದರಿದ್ದಾಳೆ ಅಂತಲೇ ನಾವೆಲ್ಲ ತಿಳಿದಿದ್ದೆವು. ನೀನು ಗೋಡೆಯ ಆಚೆಗೆ ಇದ್ದೀಯ, ಸಿಟ್ಟಾಗಿಯಾದರೂ ಇದ್ದೀಯ ಅಂತ ಅವಳು ಎರಡು ದಿನ... ನಾನು ಕಥೆ ಹೇಳುವವನು, ಬೇಕಿದ್ದರೆ ಒಂದು ಕಥೆ ಕಟ್ಟಬಹುದಿತ್ತು. ಕಟ್ಟಲಿಲ್ಲ. "ಇಲ್ಲವ್ವ, ಬಂದಿರಲಿಲ್ಲ" ಅಂದೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದಳು. ಬೀಗದ ಕೈ ಅವಳ ಸೊಂಟದಲ್ಲೇ ಇತ್ತು. ಯಾರಿಗೆ ಕೊಡುತ್ತಾಳೆ ಅಂತ ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. ಹೊರಡುವಾಗ ಅಂಗಳದಲ್ಲಿ ಶೇಖರನಿಗೆ ಬನ್ನಿ ಕೊಟ್ಟೆ. ತಗೊಂಡು, ಎಲೆಯನ್ನು ತಿರುಗಿಸಿ ಮುರುಗಿಸಿ ನೋಡಿ, "ಇದರಾಗ ಏನೂ ಇಲ್ಲ ತಾನ?" ಅಂದ. ಅಷ್ಟಕ್ಕೆ ಬಿಟ್ಟ, ದೊಡ್ಡವನು. ಆದರೂ ಆ ಇನ್ನೊಂದು ಬೀಗದ ಕೈಯನ್ನು ಕೇಳಿ ಇಸಿದುಕೊಂಡೇ ಬಂದೆ. ನನ್ನ ಬುದ್ಧಿ ನಿನಗೆ ಗೊತ್ತಿದ್ದದ್ದೇ.

ಆ ಸಂಜೆ ಎಮ್ಮಿಗನೂರಿನ ಕಟ್ಟೆಯ ಮೇಲೆ ಇದನ್ನೇ ಹೇಳಿದೆ. ಕಬ್ಬಿನ ಗದ್ದೆಯಿಂದ ಬಂದವರು, ರೈಸ್ ಮಿಲ್ಲಿನವರು, ಗಿರಣಿಯ ನೀಲಮ್ಮ, ಎಲ್ಲರೂ ಕೂತು ಕೇಳಿದರು. ಗ್ರೈಂಡರು ತಾನೇ ತಿರುಗಿದ ಕಡೆ ಒಬ್ಬರಿಗೊಬ್ಬರು ಹತ್ತಿರ ಸರಿದರು, ದಾರ ಸಿಕ್ಕ ಕಡೆ ಯಾರೂ ನಗಲಿಲ್ಲ. ಸುಮ್ಮನೆ ಎದ್ದು ಹೋದರು. ಮರುದಿನ ಬೆಳಿಗ್ಗೆ ನೋಡಬೇಕಿತ್ತು ನೀನು! ನೀಲಮ್ಮ ಮೇನ್ ಸ್ವಿಚ್ಚು ಆರಿಸಿ, ಗಿರಣಿಯ ಬೆಲ್ಟಿನ ಹತ್ತಿರ ಜೋತಾಡುತ್ತಿದ್ದ ಹಾರವನ್ನು ತೆಗೆದು ಗೋಡೆಯ ಮೊಳೆಗೆ ಹಾಕಿದಳು. ಒಬ್ಬ ಟ್ರ್ಯಾಕ್ಟರಿನ ಬ್ರೇಕಿನ ಕೆಳಗೆ ಸಿಕ್ಕಿಕೊಂಡಿದ್ದ ನಿಂಬೆಹಣ್ಣನ್ನು ಹುಡುಕಿ ತೆಗೆದ. ರೈಸ್ ಮಿಲ್ಲಿನವರು ಸ್ಟಾರ್ಟರ್ ಡಬ್ಬಿಗೆ ಕಟ್ಟಿದ್ದ ಬಾಳೆಕಂದನ್ನು ಬಾಗಿಲಿಗೆ ಕಟ್ಟಿದರು. ಯಾರೂ ಏನನ್ನೂ ಎಸೆಯಲಿಲ್ಲ, ಜಾಗ ಬದಲಿಸಿದರು ಅಷ್ಟೇ.

ಅದೇ ಬೆಳಿಗ್ಗೆ ಸುಜಾತಳ ಫೋನು ಬಂತು. "ಕಾಕಾ, ಜಲ್ದಿ ಬರ್ರಿ, ಅವ್ವ ಗ್ಯಾರೇಜಿನಾಗ ಕುಂತಾಳ" ಅಂದಳು. ಮತ್ತೇನಾಯಿತೋ ಅಂತ ಓಡಿದೆ. ಹೋಗಿ ನೋಡಿದರೆ, ಬೀಗದ ಕೈ ಮಗಳ ಕೊರಳ ದಾರದಲ್ಲಿ ನೇತಾಡುತ್ತಿದೆ. ಶಾಂತಮ್ಮ ವೈಸಿನ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು, ಕಾಲಿಗೆ ನಿನ್ನ ಬೂಟು, ಕಣ್ಣಿಗೆ ಕಿಡಿ ತಡೆಯುವ ನಿನ್ನ ದಪ್ಪ ಕನ್ನಡಕ ಏರಿಸಿ, ಮೊರದಲ್ಲಿ ಅವರೆಕಾಯಿ ಬಿಡಿಸುತ್ತಿದ್ದಾಳೆ! "ಇಷ್ಟು ವರ್ಷದಾಗ ನಿಮ್ಮ ಗೆಳೆಯ ಒಂದಿನಾರ ನನ್ನ ಒಳಗ ಬಿಟ್ಟಿದ್ದಿಲ್ಲ ನೋಡಣ್ಣ. ಕಿಡಿ ಸಿಡಿತಾವ, ಹೊರಗ ಹೋಗು ಅಂತಿದ್ರು. ಏನಿತ್ತು ಇದರಾಗ ಅಂತ ನೋಡಾಕ ಬಂದೀನಿ" ಅಂದಳು.

ಸುಜಾತ ಪ್ಲಗ್ಗು ಚುಚ್ಚಿ ಗ್ರೈಂಡರನ್ನು ಕೈಗೆ ತೆಗೆದುಕೊಂಡಳು. "ಅವ್ವಾ, ಚಾಲೂ ಮಾಡ್ಲೇನು?" ಅಂತ ಕೇಳಿದಳು.

ಶಾಂತಮ್ಮ ಸ್ಟೂಲನ್ನು ಒಂದು ಮೊಳ ಹಿಂದಕ್ಕೆ ಎಳೆದುಕೊಂಡು, ಸೆರಗನ್ನು ಬಿಗಿಯಾಗಿ ಸೊಂಟಕ್ಕೆ ಸಿಕ್ಕಿಸಿ, "ಹೂಂ, ಮಾಡು" ಅಂದಳು.

ನಿನ್ನ,
ಮಲ್ಲ